ಮೋತಿಗೆ ಸುಮ್ಮನಿರುವ ಪಾಠ

ಸುಮ್ಮನಿರಬೇಕೆಂದು ಬೋಧಿಸುವವರಲ್ಲಿ ಒಬ್ಬರಾದರೂ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಆ ಸಾಲಿಗೆ ನಾನೂ ಸೇರಿದ್ದು ನಮ್ಮ ನಾಯಿ ಮೋತಿಯ ದೆಸೆಯಿಂದ. ಹಿಂದೂಪುರದ ನಮ್ಮ ಮನೆಗೆ ಯಾರೇ ಬರಲಿ, ಹೆಗಲ ಮೇಲೆ ಮುಂಗಾಲಿಟ್ಟು ಮುಖ ನೆಕ್ಕುವುದು ಅದರ ಅತಿಥಿ ಸತ್ಕಾರ. ಗ್ಯಾಸ್ ತರುವವನು ಈಗ ಸಿಲಿಂಡರನ್ನು ಬೀದಿಯಲ್ಲೇ ಇಳಿಸಿ, ಅಲ್ಲಿಂದಲೇ ಕೈಮುಗಿಯುತ್ತಾನೆ. ಇಷ್ಟು ಮರ್ಯಾದೆ ನಮಗೆ ಮೊದಲೆಂದೂ ಸಿಕ್ಕಿರಲಿಲ್ಲ.

ಹೀಗಿರುವಾಗ ಕಲ್ಯಾಣದುರ್ಗದಿಂದ ಮಾವನವರ ಫೋನು ಬಂತು. ಹಿಂದೂಪುರದಲ್ಲೇ ಕಣ್ಣಿನ ಆಪರೇಷನ್, ಆಮೇಲೆ ನಮ್ಮಲ್ಲೇ ವಿಶ್ರಾಂತಿ. ನನ್ನ ಹೆಂಡತಿ ಗಿರಿಜ ಫೋನಿಟ್ಟವಳೇ ತೀರ್ಪು ಕೊಟ್ಟಳು: "ನೋಡ್ರೀ, ನಮ್ಮಪ್ಪ ಬರೋವತ್ಗೆ ಇದು ಸುಮ್ಕೆ ಮನೀಕಳಾದು ಕಲೀಬೇಕು. ಇಲ್ದಿದ್ರೆ ಕಲ್ಯಾಣದುರ್ಗಕ್ಕೆ, ನಮ್ಮಣ್ಣನ ಕುರಿದೊಡ್ಡಿಗೆ ಕಳಿಸ್ಬುಡ್ತೀನಿ. ಅಲ್ಲಿ ಎಗರಾಡ್ಲಿ."

ಮೋತಿಯಿಲ್ಲದ ಮನೆಯನ್ನು ನೆನೆದರೇ ನನಗೆ ಊಟ ಸೇರದು. ಮೂವತ್ತು ದಾಟಿದ ಮೇಲೆ ಹತ್ತನೇ ಕ್ಲಾಸು ಪಾಸು ಮಾಡಿದ ನಾನು, ಕಲಿಸಿದರೆ ಯಾರಾದರೂ ಕಲಿಯುತ್ತಾರೆಂದು ನಂಬಿದವನು. ನನಗೆ ಕಲಿಸಿದ ಮೇಷ್ಟ್ರ ನಂಬಿಕೆ ಏನೆಂದು ಕೇಳಿಲ್ಲ. ಮೊಬೈಲಿನಲ್ಲಿ ವೀಡಿಯೋ ಹುಡುಕಿದೆ. ವಿಧಾನ ಬಲು ಸುಲಭ. ನಾಯಿಗೊಂದು ಹಾಸು ಹಾಕಿ, ಪಕ್ಕದಲ್ಲಿ ತೆಪ್ಪಗೆ ಕೂರಬೇಕು. ಅದು ತಾನಾಗಿ ಮಲಗಿದಾಗ, ಮಾತಿಲ್ಲದೆ, ತಿಂಡಿಯ ಚೂರೊಂದನ್ನು ಅದರ ಮುಂಗಾಲ ಬಳಿ ಇಡಬೇಕು. ವೀಡಿಯೋದ ನಾಯಿಗೆ ಮೆತ್ತನೆಯ ಹಾಸಿಗೆ. ನಮ್ಮದಕ್ಕೆ ಮಾರ್ಕೆಟ್ಟಿನಿಂದ ತಂದ ಹುಣಸೆಹಣ್ಣಿನ ಖಾಲಿ ಗೋಣಿಚೀಲ. ಮೊದಲ ದಿನವೆಲ್ಲ ಮೋತಿ ಅದನ್ನು ನೆಕ್ಕಿ ಮುಖ ಕಿವುಚುವುದರಲ್ಲೇ ಕಳೆಯಿತು. ಕನ್ನಡದಲ್ಲಿ "ಮನೀಕೋ" ಎಂದೆ, ತೆಲುಗಿನಲ್ಲಿ "ಪಡುಕೋ" ಎಂದೆ. ಎರಡೂ ಭಾಷೆ ಅರ್ಥವಾದಂತೆ ಬಾಲವಾಡಿಸಿ ನನ್ನ ಮೇಲೇ ಹಾರಿತು.

ಕೊನೆಗೊಮ್ಮೆ ಮಲಗಿಯೇಬಿಟ್ಟಿತು. ನನಗೆ ತಡೆಯಲಾಗಲಿಲ್ಲ. "ಶಭಾಷ್ ಕಣ್ಲಾ ಮೋತಿ!" ಎಂದು ಕೂಗಿದೆ. ಅದು ಚಿಮ್ಮಿ ಎದ್ದ ರಭಸಕ್ಕೆ ನನ್ನ ಕನ್ನಡಕ ಸೋಫಾದಡಿ ಸೇರಿತು.

"ಅದು ಮನೀಕಂಡಿತ್ತು. ಎಬ್ಬಿಸಿದ್ದು ನೀವು," ಎಂದಳು ಗಿರಿಜ.

ಅಂದಿನಿಂದ ಅವಳೇ ಹುಣಸೆಬೀಜ ಬಿಡಿಸುತ್ತಾ ಚೀಲದ ಪಕ್ಕ ಕೂತಳು. ಮೋತಿ ಮಲಗಿದಾಗೆಲ್ಲ, ಅತ್ತ ನೋಡದೆಯೇ, ಒಂದು ಚೂರು ಒಣಕೊಬ್ಬರಿ ಇಡುವಳು. ನಾನು ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಿದ್ದೆ. ನಾಯಿ ಕಲಿಯಿತು. ನನ್ನ ವೀಡಿಯೋ ಫಲ ಕೊಟ್ಟಿತೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ.

ಆಪರೇಷನ್ ಮುಗಿಸಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಾವ ಬಂದರು. ಮೋತಿ ತಲೆಯೆತ್ತಿತು. ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಅದು ಗಿರಿಜಳ ಕಡೆ ನೋಡಿ, ಆಕಳಿಸಿ, ಮತ್ತೆ ಚೀಲಕ್ಕೆ ಗದ್ದ ಊರಿತು. ಖುಷಿಯಲ್ಲಿ ನಾನು ಕುರ್ಚಿ ತಂದೆ, ಬೇಡವೆಂದು ಬೇರೆ ಕುರ್ಚಿ ತಂದೆ, ಫ್ಯಾನು ಹಾಕಿದೆ, ಆರಿಸಿದೆ, ನೀರು ತರುವಾಗ ಅರ್ಧ ಚೆಲ್ಲಿದೆ.

"ಏನ್ ಅಳಿಯಂದ್ರೇ, ಒಂದ್ಗಳಿಗೆ ಕೂಕಳ್ಳಿ," ಎಂದರು ಮಾವ. "ನಂಗೀಗ ಇರಾದೇ ಒಂದು ಕಣ್ಣು. ಅದ್ರಾಗೆ ನಿಮ್ಮನ್ನ ಎಲ್ಲೀಗಂಟ ಹಿಂಬಾಲಿಸ್ಲಿ? ಆ ನಾಯಿ ನೋಡಿ ಕಲೀರಿ."

ನಾಚಿಕೆಯಾಗಿ ಚೀಲದ ಪಕ್ಕ ನೆಲದ ಮೇಲೆ ಕೂತೆ. ಬಾಯಿ ಮುಚ್ಚಿಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಗಿರಿಜ ಹುಣಸೆಬೀಜ ಬಿಡಿಸುತ್ತಲೇ, ಇತ್ತ ನೋಡದೆಯೇ, ನನ್ನ ಮೊಣಕಾಲ ಬಳಿ ಒಂದು ಚೂರು ಕೊಬ್ಬರಿ ಇಟ್ಟಳು.

ತಿಂದೆ. ಇನ್ನೊಂದು ಬರಬಹುದೆಂದು ಅಲುಗಾಡದೆ ಕೂತೆ.