ಹನ್ನೆರಡು ದೊಡ್ಡದು, ಮೂವತ್ತಾರು ಚಿಕ್ಕದು

ಎಲ್ಲ ತಾಪತ್ರಯವೂ "ಹೌದು" ಎಂಬ ಒಂದು ಮಾತಿನಿಂದ ಶುರುವಾಯಿತು.

ಭಾನುವಾರದ ಪೂಜೆ ಮುಗಿದು ಜನ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದರು. ದರ್ಜಿ ನಖ್ಲೆಯನ್ನು ಅಸಾಫ್ ತಡೆದು ನಿಲ್ಲಿಸಿದ. ಲೆಬನಾನಿನ ಆ ಬೆಟ್ಟದೂರಿನಲ್ಲಿ ಅಸಾಫನಿಗೆ ಎರಡು ಸೇಬಿನ ತೋಟಗಳಿದ್ದವು. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು.

"ಮುಅಲ್ಲಿಮ್, ನಮ್ಮ ದರ್ಜಿ ಮೇಸ್ತ್ರಿಗಳೇ, ಮಧ್ಯಾಹ್ನ ನಮ್ಮ ಕಣಕ್ಕೆ ಬನ್ನಿ. ಊಟ ಮಾಡೋಣ, ಮಣ್ಣಿನ ತಟ್ಟೆ ಹಾರಿಸಿ ನಾಲ್ಕು ಗುಂಡು ಹೊಡೆಯೋಣ. ನೀವು ಕೋವಿ ಹಿಡೀತೀರಿ ತಾನೆ?"

ನಖ್ಲೆ ಇಲ್ಲವೆನ್ನಬೇಕಾಗಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಯಾರದೋ ಮದುವೆಯಲ್ಲಿ ಒಂದೇ ಒಂದು ಸಲ ಅವನು ಕೋವಿ ಹಾರಿಸಿದ್ದ. ಅಂದಿನಿಂದ ಅವನ ಬಲಭುಜ ಮಳೆ ಬರುವುದನ್ನು ಎರಡು ದಿನ ಮುಂಚೆಯೇ ಹೇಳುತ್ತಿತ್ತು. ಆದರೆ ಅಸಾಫನ ಬೆನ್ನಿಗೆ ಅವನ ತಂಗಿ ವದಾದ್ ನಿಂತಿದ್ದಳು.

ವದಾದ್ ವಿಧವೆಯಾಗಿ ಏಳು ವರ್ಷ. ಈ ಏಳು ವರ್ಷವೂ ಅವಳ ಕಪ್ಪು ಉಡುಪುಗಳನ್ನು ಹೊಲಿದವನು ನಖ್ಲೆಯೇ. ಈ ಸಲ ಈಸ್ಟರ್ ಹಬ್ಬ ಕಳೆದ ಮೇಲೆ ಅವಳು ಮೊದಲ ಬಾರಿ ಬೂದು ಬಣ್ಣದ ಬಟ್ಟೆ ತಂದುಕೊಟ್ಟಿದ್ದಳು. ಆವತ್ತಿನಿಂದ ನಖ್ಲೆಯ ಸೂಜಿ ಬಟ್ಟೆಗಿಂತ ಹೆಚ್ಚಾಗಿ ಅವನ ಬೆರಳಿಗೇ ಚುಚ್ಚುತ್ತಿತ್ತು. ಐವತ್ತರ ಬ್ರಹ್ಮಚಾರಿ. ಆರು ದಿನ ಹೊಲಿಗೆಯಂತ್ರದ ಸದ್ದಿನಲ್ಲಿ ಕಳೆಯುತ್ತಿದ್ದವು. ಭಾನುವಾರದ ಮಧ್ಯಾಹ್ನ ಮಾತ್ರ ಮನೆ ಗೋರಿಯಂತೆ ಮೌನವಾಗುತ್ತಿತ್ತು. ವದಾದ್ ಕೂತ ಮೇಜಿನಲ್ಲೇ ಕೂತು ಭಾನುವಾರಗಳನ್ನು ಕಳೆಯುವಂತಾದರೆ ಸಾಕು, ದೇವರಲ್ಲಿ ಅವನು ಬೇರೇನನ್ನೂ ಬೇಡುತ್ತಿರಲಿಲ್ಲ.

"ಹೌದು," ಎಂದ ನಖ್ಲೆ.

"ಹಾಗಿದ್ರೆ ನಿಮ್ಮ ಕೋವಿ ತಗೊಂಡೇ ಬನ್ನಿ," ಎಂದ ಅಸಾಫ್.

ಕೋವಿ ಎಲ್ಲಿತ್ತು? ಅವನ ಮನೆಯಲ್ಲಿದ್ದ ಆಯುಧವೆಂದರೆ ಕತ್ತರಿ.

ಪಕ್ಕದಂಗಡಿಯ ಕ್ಷೌರಿಕ ಫುಆದ್ ಇದೆಲ್ಲವನ್ನೂ ಕೇಳಿಸಿಕೊಂಡಿದ್ದ. ಊರಿನಲ್ಲಿ ಅವನ ಕಿವಿಗೆ ಬೀಳದ ಮಾತು ಪಾದ್ರಿಗಳ ಬಳಿ ಹೇಳಿಕೊಳ್ಳುವ ಪಾಪಗಳು ಮಾತ್ರ. ಅವುಗಳಲ್ಲೂ ಅರ್ಧ ಅವನಿಗೆ ಮೊದಲೇ ಗೊತ್ತಿರುತ್ತಿದ್ದವು.

"ಹೆದರ್ಬೇಡ, ನಾನೂ ಬರ್ತೀನಿ," ಎಂದು ಅವನು ತೋಳು ಹಿಡಿದುಕೊಂಡ. "ಅಬು ರಿಜ್ಕನ ಕೋವಿ ಅಂಗಡಿ ಭಾನುವಾರಾನೂ ತೆಗೆದಿರುತ್ತೆ. ಒದೆಯದೇ ಇರೋ ಸಣ್ಣ ಕೋವಿ ಕೇಳು. ಆದ್ರೆ ಸಣ್ಣದು ಅಂತ ಬಾಯಿ ಬಿಟ್ಟು ಹೇಳ್ಬೇಡ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ."

"ಯಾರು ಹೇಳ್ತಾರೆ?"

"ನಾನೇ ಹೇಳ್ಬಿಟ್ಟೇನು, ನನ್ನ ಬಾಯಿ ನಿಲ್ಲಲ್ಲ. ಅದಕ್ಕೇ ಎಚ್ಚರಿಸ್ತಿದೀನಿ. ಕೋವಿಗೆ ನಂಬರ್ ಇರುತ್ತೆ, ಅದನ್ನ ಹೇಳಿ ಕೇಳು."

ನಖ್ಲೆ ದಾರಿಯುದ್ದಕ್ಕೂ ಯೋಚಿಸಿದ. ನಂಬರುಗಳ ನಡುವೆಯೇ ಬಾಳಿದವನು ಅವನು. ಅಂಗಿಯ ಅಳತೆಯಲ್ಲಿ ಹನ್ನೆರಡೆಂದರೆ ಶಾಲೆಯ ಮಕ್ಕಳದು, ಮೂವತ್ತಾರೆಂದರೆ ದೊಡ್ಡವರದು. ಕೋವಿಯೂ ಹಾಗೆಯೇ ಇರಬೇಕು.

"ಹನ್ನೆರಡು ನಂಬರಿಂದು ಕೊಡಿ," ಎಂದ ಅಂಗಡಿಗೆ ಹೋಗಿ.

ಎಪ್ಪತ್ತು ದಾಟಿದ ಅಬು ರಿಜ್ಕ್ ಕನ್ನಡಕ ಸರಿಮಾಡಿಕೊಂಡು ನಖ್ಲೆಯ ಕಡ್ಡಿಯಂಥ ತೋಳುಗಳನ್ನು ಮೇಲಿಂದ ಕೆಳಗೆ ನೋಡಿದ. ಗಿರಾಕಿಯ ಇಚ್ಛೆ ಎಂದುಕೊಂಡು ಕೋವಿ ಇಳಿಸಿ, ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ನೋಡೆಂದ.

ನಖ್ಲೆ ಕಣ್ಣು ಮುಚ್ಚಿ ಕೋವಿಯ ಕುದುರೆ ಎಳೆದ. ಕಣ್ಣು ತೆರೆದಾಗ ಹುಲ್ಲಿನ ರಾಶಿಯ ಮೇಲೆ ಕೂತಿದ್ದ. ಒದ್ದ ಕತ್ತೆ ಎಲ್ಲಿ ಹೋಯಿತೆಂದು ಸುತ್ತಲೂ ನೋಡಿದ. ಅಲ್ಲಿದ್ದುದು ಕ್ಷೌರಿಕ ಮಾತ್ರ.

"ಇದು ದೊಡ್ಡದಾಯ್ತು," ಎಂದ ಉಸಿರು ತಿರುಗಿದ ಮೇಲೆ. "ಇನ್ನೂ ಕಡಿಮೆ ನಂಬರಿಂದು ಇದೆಯಾ? ಹತ್ತು?"

ಮುದುಕ ಶಿಲುಬೆಯ ಗುರುತು ಮಾಡಿಕೊಂಡ. "ಹತ್ತಾ? ಮಗಾ, ನೀನು ತಟ್ಟೆ ಹೊಡೀತೀಯೋ, ಇಗರ್ಜಿ ಗೋಪುರ ಹೊಡೀತೀಯೋ?"

ಆಮೇಲೆ ಅವನನ್ನು ಕೂರಿಸಿ ನೀರು ಕೊಟ್ಟು ತಿಳಿಸಿ ಹೇಳಿದ. "ಒಂದು ರಾತಲು ಸೀಸ ತಗೋ. ನಳಿಗೆಯ ಬಾಯಿಗೆ ಸರಿಹೊಂದೋ ಹಾಗೆ ಗುಂಡು ಎರಕ ಹೊಯ್ಯಿ. ಹನ್ನೆರಡು ಗುಂಡು ಬಂದ್ರೆ ಹನ್ನೆರಡು ನಂಬರು. ಇಪ್ಪತ್ತು ಬಂದ್ರೆ ಇಪ್ಪತ್ತು. ತಿಳೀತಾ?"

ನಖ್ಲೆ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರೆ, ಒಂದು ಥಾನು ಬಟ್ಟೇಲಿ ಹನ್ನೆರಡು ಅಂಗಿ ಆದ್ರೆ ದಪ್ಪನ ಗಂಡಸರದು, ಇಪ್ಪತ್ತಾದ್ರೆ ಹುಡುಗರದು."

"ನಲವತ್ತು ವರ್ಷದಿಂದ ಕೋವಿ ಮಾರ್ತಿದೀನಿ, ಇಷ್ಟು ಚೆನ್ನಾಗಿ ನಾನೂ ಹೇಳಿರ್ಲಿಲ್ಲ," ಎಂದ ಮುದುಕ.

ಇಪ್ಪತ್ತು ನಂಬರಿನ ಕೋವಿಗಳು ಎರಡಿದ್ದವು. ಫುಆದ್ ಎರಡನ್ನೂ ತೂಗಿ ನೋಡಿ ಒಂದನ್ನು ಮುಂದೆ ಹಿಡಿದ. "ಇದು ತಗೋ. ಹಕ್ಕಿ ಪುಕ್ಕದ ಹಾಗಿದೆ. ಪುಕ್ಕ ಎಲ್ಲಾದ್ರೂ ಒದೆಯುತ್ತಾ?"

ಪುಕ್ಕ ಒದೆಯಿತು. ನಖ್ಲೆ ಬೀಳಲಿಲ್ಲ, ಏಕೆಂದರೆ ಹಿಂದೆ ಫುಆದ್ ನಿಂತಿದ್ದ. ಇಬ್ಬರೂ ಕೋಳಿಗೂಡಿಗೆ ತಗುಲಿದರು. ಕೋಳಿಗಳು ಈ ಬಗ್ಗೆ ಬಹಳ ಹೊತ್ತು ಮಾತಾಡಿಕೊಂಡವು.

"ಹಗುರ ಇದ್ದಷ್ಟೂ ಒದೆತ ಜಾಸ್ತಿ," ಎಂದ ಅಬು ರಿಜ್ಕ್, ಇದು ಯಾರಿಗೆ ತಾನೆ ಗೊತ್ತಿಲ್ಲ ಎಂಬಂತೆ. "ಭಾರ ಇದ್ರೆ ಒದೆತಾನ ಕೋವಿನೇ ನುಂಗ್ಕೊಳ್ಳುತ್ತೆ."

"ಹಂಗಾದ್ರೆ ದೊಡ್ಡ ನಂಬರಿನ ಸಣ್ಣದು ಬೇಕು, ಆದ್ರೆ ಸಣ್ಣದರಲ್ಲಿ ಭಾರದ್ದು ಬೇಕು," ಎಂದ ನಖ್ಲೆ. ತಾನು ಹೇಳಿದ್ದು ತನಗೇ ಅರ್ಥವಾಗದೆ ಹಣೆ ಒರೆಸಿಕೊಂಡ.

ಮುದುಕ ಒಳಗಿನಿಂದ ಇನ್ನೊಂದನ್ನು ತಂದ. ನಳಿಗೆ ಬೆರಳಷ್ಟು ಸಪೂರ. ಹಿಂಭಾಗ ಒಳ್ಳೆಯ ಅಕ್ರೋಟಿನ ಮರದ್ದು, ಕೈಗೆ ತೂಕವಾಗಿತ್ತು. ಭುಜಕ್ಕೆ ತಾಗುವಲ್ಲಿ ರಬ್ಬರಿನ ಮೆತ್ತೆ. "ಇದು ಮೂವತ್ತಾರು."

"ರಾತಲಿಗೆ ಮೂವತ್ತಾರು ಗುಂಡು," ಎಂದ ನಖ್ಲೆ ಗರ್ವದಿಂದ.

"ಇಲ್ಲ. ಆ ಲೆಕ್ಕ ಇದಕ್ಕಿಲ್ಲ. ಇದಕ್ಕೆ ಸುಮ್ನೆ ಹಂಗಂತ ಕರೀತಾರೆ."

ನಖ್ಲೆ ಕೋವಿ ಕೈಗೆತ್ತಿಕೊಂಡ. ಮೂವರೂ ಒಬ್ಬನೇ ದೇವರೆಂಬ ತ್ರಯೇಕತ್ವವನ್ನು ನಂಬಿದ ಹಾಗೆ ಇದನ್ನೂ ನಂಬಿ ಕುದುರೆ ಎಳೆದ. ಮೇಕೆಮರಿ ಮೂತಿಯಿಂದ ತಿವಿದಷ್ಟೇ ಆಯಿತು. ಅವನ ಕಣ್ಣಲ್ಲಿ ನೀರು ಬಂತು. ತೋಟಾಗಳ ಡಬ್ಬಿಯ ಸಮೇತ ಕೋವಿ ಕೊಂಡ.

ಅಂಥ ಪುಟ್ಟ ಕೋವಿಯನ್ನು ಹಿಡಿದು ಊರ ನಡುವೆ ನಡೆಯುವುದು ಹೇಗೆ? ಮನೆಗೆ ಹೋಗಿ, ಕೋಟುಗಳ ಒಳಪದರಕ್ಕೆಂದು ಇಟ್ಟಿದ್ದ ನೀಲಿ ರೇಷ್ಮೆಯಲ್ಲಿ ಅದನ್ನು ಸುತ್ತಿ, ಜಾರದಂತೆ ಬಿಳಿ ಪಟ್ಟಿಯಿಂದ ಗಂಟು ಹಾಕಿದ.

ಕಣದಲ್ಲಿ ಮಲ್ಬೆರಿ ಮರದ ಕೆಳಗೆ ಮೇಜು ಹಾಕಿದ್ದರು. ಮಾಂಸದ ಕಿಬ್ಬೆ ಉಂಡೆ, ಆಲಿವ್, ತಣ್ಣಗಿನ ಅರಕ್ ಮದ್ಯ. ವದಾದ್ ಬೂದು ಉಡುಪಿನಲ್ಲಿ ಕೂತಿದ್ದಳು. ಅಸಾಫ್ ತನ್ನ ಎದುರಿನ ಕುರ್ಚಿಯನ್ನು, ಅಂದರೆ ಅವಳ ಪಕ್ಕದ ಕುರ್ಚಿಯನ್ನು, ನಖ್ಲೆಗೆ ತೋರಿಸಿದ. ನಖ್ಲೆ ಕಟ್ಟನ್ನು ಮೇಜಿನ ಮೇಲಿಟ್ಟು ಕೂತ.

ಎಲ್ಲರೂ ಕಟ್ಟನ್ನು ನೋಡಿದರು. ಮೊದಲ ಸಲ ಕರೆದ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಹೆಣ್ಣು ಇರುವ ಮನೆಗೆ, ಮದುವೆಯ ಮಾತು ಮನಸ್ಸಿನಲ್ಲಿದ್ದವರಂತೂ ಹಾಗೆ ಬರುವುದೇ ಇಲ್ಲ.

"ಬಿಚ್ಚು ವದಾದ್," ಎಂದ ಅಸಾಫ್.

ನಖ್ಲೆ ಬಾಯಿ ತೆರೆಯುವಷ್ಟರಲ್ಲಿ ಗಂಟು ಬಿಚ್ಚಿತ್ತು. ವದಾದ್ ಸಪೂರ ನಳಿಗೆಯನ್ನೂ ರಬ್ಬರಿನ ಮೆತ್ತೆಯನ್ನೂ ಮುಟ್ಟಿ ನೋಡಿದಳು.

"ಈ ಗಂಡಸರ ಕೋವಿಗಳಿಗೆ ಹೆದರಿ ನಾನು ಯಾವತ್ತೂ ಬದಿಗೇ ಕೂರ್ತಿದ್ದೆ," ಎಂದಳು ಮೆಲ್ಲಗೆ. "ಅದು ನಿಮಗೆ ಹೇಗೆ ಗೊತ್ತಾಯ್ತು? ನನಗಾ ಇದು?"

ಏಳು ವರ್ಷದಲ್ಲಿ ಆ ಮುಖದಲ್ಲಿ ಅವನು ಕಾಣದಿದ್ದ ನಗು. ಬೇರೆ ಏನು ತಾನೆ ಹೇಳಿಯಾನು?

"ಹೌದು," ಎಂದ.

ಅಸಾಫ್ ಎದ್ದುಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. "ದರ್ಜಿ ಅಂದ್ರೆ ಇವನಪ್ಪ. ಅಳತೆ ತಪ್ಪಿಲ್ಲ. ಸರಿ, ನಿಮ್ಮ ಕೋವಿ ಎಲ್ಲಿ?"

"ಅದು... ಮನೇಲಿ..."

"ಮನೆಗೆ ಯಾಕೆ ಹೋಗ್ತೀರಿ? ವದಾದಳ ಗಂಡ ಜುರ್ಜಿಯದು ಒಳಗಿದೆ. ಅವನು ಸತ್ತ ಮೇಲೆ ಯಾರಿಗೂ ಕೊಟ್ಟಿಲ್ಲ. ಇವತ್ತಿಂದ ಅದು ನಿಮ್ಮದು."

ನಂಬರು ಕೇಳುವ ಅಗತ್ಯ ಬೀಳಲಿಲ್ಲ. ನಳಿಗೆಯ ಬಾಯಿ ಬಾವಿಯಂತಿತ್ತು. ನಖ್ಲೆ ಕಾಲು ಅಗಲಿಸಿ ನಿಂತು ತನಗೆ ಬರುವ ಸಂತರ ಹೆಸರುಗಳನ್ನೆಲ್ಲ ಹೇಳಿಕೊಂಡ. ತಟ್ಟೆ ಹಾರಿತು. ಯಾವ ಸಂತನ ಕೃಪೆಯೋ, ತಟ್ಟೆ ಪುಡಿಯಾಯಿತು. ನಖ್ಲೆಯೂ ಹೆಚ್ಚುಕಡಿಮೆ ಹಾಗೆಯೇ ಆದ. ಮಲ್ಬೆರಿಯ ಬುಡದಿಂದ ಅವನನ್ನು ಎತ್ತಿ ನಿಲ್ಲಿಸುತ್ತಾ ಅಸಾಫ್ ಹೇಳಿದ:

"ಇನ್ಮೇಲೆ ಪ್ರತಿ ಭಾನುವಾರ ನೀವು ಇಲ್ಲಿಗೇ. ಮನೆಯವರ ಹಾಗೆ."

ವದಾದ್ ಅರಕ್‌ನಲ್ಲಿ ಅದ್ದಿದ ಬಟ್ಟೆಯನ್ನು ಅವನ ಭುಜಕ್ಕೆ ಒತ್ತಿದಳು. "ಜುರ್ಜಿಗೂ ಮೊದಲನೇ ಸಲ ಹೀಗೇ ಆಗಿತ್ತು."

"ಆಮೇಲೆ ಅಭ್ಯಾಸ ಆಯ್ತಾ?" ಎಂದ ನಖ್ಲೆ ಆಸೆಯಿಂದ.

"ಹೊಡೆದಿದ್ದೇ ಆ ಒಂದು ಸಲ. ಮುಂದಿನ ವಾರದಿಂದ ಅವರಿಗೆ ಭಕ್ತಿ ಬಹಳ ಹೆಚ್ಚಾಯ್ತು. ಸಾಯೋವರೆಗೂ ಭಾನುವಾರ ಕತ್ತಲಾಗೋ ತನಕ ಇಗರ್ಜಿ ಬಿಟ್ಟು ಬರ್ತಿರ್ಲಿಲ್ಲ. ಪುಣ್ಯಾತ್ಮ."

ಮುಂದಿನ ಭಾನುವಾರ ಪೂಜೆ ಮುಗಿದು ಜನರೆಲ್ಲ ಹೋದರು. ಕಣದ ಕಡೆಯಿಂದ ಪುಟ್ಟ ಕೋವಿಯ ಸದ್ದೂ, ತಟ್ಟೆ ಒಡೆದಾಗಲೆಲ್ಲ ವದಾದಳ ನಗುವೂ ಗಾಳಿಯಲ್ಲಿ ತೇಲಿಬರುತ್ತಿದ್ದವು. ಇಗರ್ಜಿಯೊಳಗೆ ನಖ್ಲೆ ಒಬ್ಬನೇ ಮೊಣಕಾಲೂರಿ ಕೂತಿದ್ದ. ದೀಪ ಆರಿಸಲು ಬಂದ ಪಾದ್ರಿ ಅವನನ್ನು ಕಂಡು ನಿಂತರು. ಸ್ವಲ್ಪ ಹೊತ್ತು ಕಿಟಕಿಯಾಚೆಯ ಸದ್ದನ್ನು ಕೇಳಿಸಿಕೊಂಡರು.

"ಅಲ್ಲಿ ಬೇಡ ಮಗನೇ, ಈ ಮೂಲೆಗೆ ಬಾ," ಎಂದರು. "ಜುರ್ಜಿ ಕೂತೂ ಕೂತೂ ಈ ಬೆಂಚು ನುಣ್ಣಗಾಗಿದೆ."