ಎರಡನೇ ಮಗನ ಬೋಳು ತಲೆ

ಸಾವಿನ ಮನೆಯ ಓಡಾಟದಲ್ಲಿ ನನ್ನನ್ನು ಮೀರಿಸುವವರು ಇಡೀ ತುಮಕೂರು ಜಿಲ್ಲೆಯಲ್ಲೇ ಇಲ್ಲ ಎಂದು ಅತ್ಯಂತ ವಿನಯದಿಂದ ಹೇಳಿಕೊಳ್ಳುತ್ತೇನೆ. ಶಾಮಿಯಾನ, ಬಾಳೆ ಎಲೆ, ಅಡುಗೆಯವರು, ಯಾವುದನ್ನಾದರೂ ನನಗೆ ಬಿಟ್ಟು ನೀವು ನೆಮ್ಮದಿಯಾಗಿ ಅಳಬಹುದು. ಹಾಗಾಗಿ ಗುಬ್ಬಿಯಲ್ಲಿ ಗೆಳೆಯ ಗಂಗಾಧರನ ತಾಯಿ ಜಯಮ್ಮನವರ ತಿಥಿಗೆ ತುಮಕೂರಿನ ಬಟವಾಡಿಯ ನಮ್ಮ ಮನೆಯಿಂದ ಬೆಳಿಗ್ಗೆಯೇ ಹೊರಟೆ. "ಗಂಗನ ಕೈಲಿ ಏನೂ ಆಗಲ್ಲ ಕಣೇ, ಎಲ್ಲಾ ನಾನೇ ನೋಡ್ಕೋಬೇಕು" ಅಂತ ಹೆಂಡತಿ ಸವಿತಾಗೆ ಹೇಳಿ, ಕನ್ನಡಿ ಮುಂದೆ ನಿಂತು ನೀಟಾಗಿ ತಲೆ ಬಾಚಿಕೊಂಡೆ. ಆಗ ಬಾಚೋಕೆ ಕೂದಲಿತ್ತು!

ಜಯಮ್ಮನವರನ್ನು ನಾನು ಕರೆಯುತ್ತಿದ್ದದ್ದು ಅವ್ವ ಅಂತಲೇ. ಕುಣಿಗಲ್‌ನಿಂದ ಪಿಯುಸಿ ಓದೋಕೆ ಗುಬ್ಬಿಗೆ ಬಂದವನು, ರೂಮು ಸಿಗುವವರೆಗೆ ಇರ್ತೀನಿ ಅಂತ ಗಂಗನ ಮನೆ ಸೇರಿದೆ. ಡಿಗ್ರಿ ಮುಗಿದರೂ ರೂಮು ಸಿಗಲಿಲ್ಲ. ಹುಡುಕಿದ್ದರೆ ತಾನೇ ಸಿಗೋದು! ನನ್ನ ತಟ್ಟೆಗೂ ಗಂಗನ ತಟ್ಟೆಗೂ ಒಂದೇ ಅಳತೆಯ ಮುದ್ದೆ ಬೀಳುತ್ತಿತ್ತು. ಪೊರಕೆ ಏಟೂ ಅಷ್ಟೇ, ತಪ್ಪು ಯಾರದಾದರೂ ಇಬ್ಬರಿಗೂ ಸಮಪಾಲು. ನನಗೆ ಟೈಫಾಯ್ಡ್ ಆದಾಗ ಹಗಲು ರಾತ್ರಿ ಪಕ್ಕ ಬಿಟ್ಟು ಏಳದೆ ಗಂಜಿ ಕುಡಿಸಿದರು. ಯಾರಾದರೂ "ಎಷ್ಟು ಮಕ್ಕಳು ಜಯಮ್ಮ?" ಅಂದರೆ, "ಇಬ್ರು ಕಣಮ್ಮ. ಒಬ್ಬನ್ನ ಹೆತ್ತೆ, ಇನ್ನೊಬ್ಬ ತಾನೇ ಬಂದು ಸೇರ್ಕೊಂಡ" ಅನ್ನೋರು. ಈ ಮಾತು ಕೇಳಿದಾಗಲೆಲ್ಲ ನನಗೆ ಎದೆ ಉಬ್ಬುತ್ತಿತ್ತು.

ತಿಥಿಯ ದಿನ ಕೆರೆ ದಡದಲ್ಲಿ ಗಂಗ ತಲೆ ಬೋಳಿಸಿಕೊಳ್ಳಲು ಮಣೆ ಮೇಲೆ ಕೂತ. ಕೂತವನೇ ಮಗುವಿನ ಹಾಗೆ ಅಳೋಕೆ ಶುರು ಮಾಡಿದ. "ಸುಮ್ನಿರೋ, ನಾನಿಲ್ವಾ?" ಅಂತ ಪಕ್ಕದ ಮಣೆ ಮೇಲೆ ಕೂತು ಅವನ ಕೈ ಹಿಡಿದುಕೊಂಡೆ. ನನಗೂ ಅವ್ವನ ನೆನಪು ಒತ್ತರಿಸಿ ಬಂತು. ಕಣ್ಣು ಮುಚ್ಚಿ ತಲೆ ಬಗ್ಗಿಸಿದೆ. ನೆತ್ತಿ ಮೇಲೆ ತಣ್ಣಗೆ ನೀರು ಬಿತ್ತು. ತಿಥಿ ಮಾಡಿಸೋ ಅಯ್ನೋರು ತೀರ್ಥ ಹಾಕಿದರು ಅಂತ ಭಕ್ತಿಯಿಂದ ಇನ್ನಷ್ಟು ಬಗ್ಗಿದೆ.

ಅಯ್ನೋರು ಅತ್ತ ಎಡೆ ಸಿದ್ಧಮಾಡುತ್ತಿದ್ದರು. ನನ್ನ ಹಿಂದೆ ನಿಂತಿದ್ದವನು ಇನ್ನೊಬ್ಬ ಕ್ಷೌರಿಕ!

ಒಂದೇ ಎಳೆತಕ್ಕೆ ಹಣೆಯಿಂದ ನೆತ್ತಿವರೆಗೆ ರಸ್ತೆ ಆಯಿತು. "ಅಯ್ಯೋ!" ಅಂತ ಎದ್ದೆ. ಅವನು ಗಾಬರಿಯಾಗಿ, "ನೀವು ಎರಡನೇ ಮಗ ಅಲ್ವಾ ಸ್ವಾಮಿ? ಜಯಮ್ಮೋರು ಯಾವಾಗ್ಲೂ ಇಬ್ರು ಅಂತಿದ್ರಲ್ಲ!" ಅಂದ. ಗಂಗನ ಸೋದರಮಾವ ಓಡಿ ಬಂದರು. "ಏನ್ಲಾ ಇದು ಅನ್ಯಾಯ! ನಿಮ್ಮಮ್ಮ ಕುಣಿಗಲ್‌ನಾಗೆ ಗಟ್ಟಿಮುಟ್ಟಾಗವ್ಳೆ! ಹೆತ್ತೋಳು ಬದುಕಿರುವಾಗ ಹಿಂಗೆ ಕೂತ್ಕೋತಾರೇನ್ಲಾ?"

ಅಪಶಕುನ ಅಂತ ನನಗೂ ಗೊತ್ತಿತ್ತು. ಆದರೆ ಅರ್ಧಕ್ಕೆ ನಿಲ್ಲಿಸೋಕೆ ಇದೇನು ಸರ್ಕಾರಿ ಕಾಮಗಾರಿಯೇ? ನಿಜ ಹೇಳಬೇಕೆಂದರೆ ಅದೂ ಕಾರಣವಲ್ಲ. ಊರಿನ ಕ್ಷೌರಿಕನಿಗೂ ನಾನು ಜಯಮ್ಮನ ಮಗ ಅಂತ ಗೊತ್ತಿದೆಯಲ್ಲ, ಆ ಹೆಮ್ಮೆ ತಲೆಗೇರಿತ್ತು. "ಹೂಂ ಕಣಪ್ಪಾ, ಎರಡನೇ ಮಗಾನೇ. ಪೂರ್ತಿ ಮಾಡು" ಅಂತ ಮತ್ತೆ ಕೂತೆ. ಅವನು ಮೀಸೆಯನ್ನೂ ಬಿಡಲಿಲ್ಲ.

ಸಂಜೆ ಬಟವಾಡಿಯಲ್ಲಿ ಇಳಿದರೆ ಎದುರುಮನೆಯ ನಂಜುಂಡಪ್ಪನವರು, "ಏನ್ಸಾರ್, ತಿರುಪತಿಗಾ? ಲಾಡು ಎಲ್ಲಿ?" ಅಂದರು. "ಇಲ್ಲ ಸಾರ್... ನಮ್ಮವ್ವ..." ಅಂತ ಕಣ್ಣೊರೆಸಿಕೊಂಡೆ. ಅವರೂ ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿಕೊಂಡರು. ಬಿಡಿಸಿ ಹೇಳದೆ ಒಳಗೆ ಹೋಗಿ ಮಲಗಿಬಿಟ್ಟೆ. ಅವರು ಬೀದಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದರು. ಕೈಮುಗಿದಿದ್ದೇ ಕೈಮುಗಿದಿದ್ದು, ಓಂ ಶಾಂತಿ ಅಂದಿದ್ದೇ ಅಂದಿದ್ದು! ಯಾರದೋ ನೆಂಟರ ಮೂಲಕ ಸುದ್ದಿ ಕುಣಿಗಲ್ಲನ್ನೂ ಮುಟ್ಟಿತು.

ಸವಿತಾ ಬಂದು ಎಬ್ಬಿಸಿದಳು. "ರೀ, ಫೋನು. ನಿಮ್ಮಮ್ಮ. ತೀರಿಕೊಂಡಿದಾರಲ್ಲ, ಅವರೇ!"

"ಏನ್ಲಾ," ಅಂದಳು ಅಮ್ಮ, "ನಾನ್ ಸತ್ತೋದ್ನಂತೆ! ನಂಗೊಂದ್ ಮಾತು ಹೇಳ್ಬಾರ್ದಾ? ನಿಮ್ಮತ್ತೆ ಹಾರ ತಂದವ್ಳೆ, ಅವ್ಳಿಗೆ ಕಾಫಿ ಕಾಸ್ತಾ ಇದೀನಿ." ಗುಬ್ಬಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. "ನಾಳೆ ಬಾ ನೀನು."

ಆ "ಬಾ ನೀನು" ಕೇಳಿದವನೇ ಟೋಪಿ ಹುಡುಕೋಕೆ ಶುರು ಮಾಡಿದೆ. ಹಾರಕ್ಕೆ ನಾನು ಹೆದರಲಿಲ್ಲ. ತಾನು ಬದುಕಿರುವಾಗ ಮಗ ಇನ್ನೊಬ್ಬಳಿಗೆ ತಲೆ ಬೋಳಿಸಿಕೊಂಡ ಅಂತ ಅಮ್ಮ ನೊಂದುಕೊಂಡರೆ? ಅವ್ವನನ್ನು ಕಳಕೊಂಡಾಗಿತ್ತು, ಇವಳ ಮನಸ್ಸನ್ನೂ ಮುರಿದೆನೇನೋ ಅನ್ನಿಸಿತು.

ಮಾರನೇ ದಿನ ಟೋಪಿ ಹಾಕಿಕೊಂಡೇ ಕುಣಿಗಲ್ಲಿಗೆ ಹೋದೆ. "ತೆಗಿ" ಅಂದಳು ಅಮ್ಮ. ತೆಗೆದೆ. ತಲೆ ಮೇಲೆ ಕೈಯಾಡಿಸಿದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಜ್ವರದಾಗೆ ನಿನ್ನ ಉಳಿಸ್ಕೊಟ್ಟೋಳು ಆ ಮಾತಾಯಿ. ಸರಿಯಾಗೇ ಮಾಡಿದೀಯ ಬುಡು. ಇಂಥ ಮಗನ್ನ ಹೆತ್ತಿದೀನಲ್ಲ, ನಂಗೆ ಅಷ್ಟು ಸಾಕು. ಟೋಪಿ ಯಾಕ್ಲಾ ಮತ್ತೆ? ಕಳ್ತನ ಮಾಡಿದೀಯಾ?" ಅಂದಳು.

ನನ್ನ ಕೈ ಹಿಡಿದು ಬೀದಿಗೆ ಎಳೆದುಕೊಂಡು ಹೊರಟಳು. ಮನೆಮನೆ ಬಾಗಿಲಲ್ಲೂ ನಿಲ್ಲಿಸಿ, "ನೋಡ್ಕಳ್ರೇ, ನಾನು ಬದುಕಿದೀನಿ. ಹೋಗಿದ್ದು ಇವನ ಇನ್ನೊಬ್ಬಳು ಅಮ್ಮ, ಗುಬ್ಬಿಯೋಳು. ನಾವಿಬ್ರೂ ಸೇರ್ಕಂಡೇ ಇವನ್ನ ಸಾಕಿದ್ದು" ಅನ್ನುತ್ತಿದ್ದಳು. ನಾನು ಬೋಳು ತಲೆಯನ್ನು ಕಿರೀಟ ಇಟ್ಟವನ ಹಾಗೆ ಎತ್ತಿಕೊಂಡು ಹಿಂದೆ ನಡೆಯುತ್ತಿದ್ದೆ.

ಕೊನೇ ಮನೆಯ ಪುಟ್ಟತಾಯಮ್ಮಜ್ಜಿಗೆ ಕಣ್ಣು ಮಂಜು. ಹತ್ತಿರ ಕರೆದು, ನನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿ, ಅಮ್ಮನ ಕಡೆ ತಿರುಗಿ ಕೇಳಿತು:

"ಇಬ್ರಿಬ್ರು ಸೇರ್ಕಂಡು ಸಾಕಿದ್ರೂ ಇಷ್ಟೇನೇ ಆಗಿದ್ದು ಇವ್ನು?"

ಮೊದಲು ನಕ್ಕಿದ್ದು ನಮ್ಮಮ್ಮನೇ. ಅವ್ವ ಇದ್ದಿದ್ದರೆ ಅವರೂ ನಗೋರು.