ಗುಡಿಸುವ ಸರದಿ ನಮ್ಮದು

ಹೊಸ ಬೀದಿಗೆ ಕಾಲಿಟ್ಟ ನಮ್ಮಂಥವರು ನಗೆಪಾಟಲಾಗುವುದಕ್ಕೆ ಮುಹೂರ್ತ ನೋಡಬೇಕಾಗಿಲ್ಲ. ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ಹೆಂಡತಿಯ ಜೊತೆ ಅಲ್ಲಿನ ಸಿಂಡೆಲ್‌ಫಿಂಗೆನ್ ಊರಿಗೆ ಬಂದಾಗ, ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ ಆರು ಮನೆಯವರು "ಈಗಷ್ಟೇ ಬಾಡಿಗೆಗೆ ಹೋಯ್ತು" ಎಂದರು. ಏಳನೆಯ ಮನೆಯ ಅಜ್ಜಿಯೊಬ್ಬರೇ "ಬಂದು ನೋಡಿ" ಎಂದದ್ದು.

ಸಂಬಳದ ಚೀಟಿ

ಅಜ್ಜಿ ಕನ್ನಡಕ ಏರಿಸಿಕೊಂಡು ನನ್ನ ಸಂಬಳದ ಚೀಟಿಯನ್ನು ಎರಡು ಸಲ ಓದಿದರು. "ಕಾರ್ಖಾನೆಯಲ್ಲಿ ಜೀವನವಿಡೀ ದುಡಿದ ನನ್ನ ಗಂಡ ಇಷ್ಟು ಕಂಡಿರಲಿಲ್ಲ. ಸಂಬಳ ಸರಿಯಿದೆ. ಮನುಷ್ಯರು ಸರಿಯಿದ್ದೀರೋ ಇಲ್ಲವೋ, ಆರು ತಿಂಗಳು ನೋಡ್ತೀನಿ" ಎಂದರು.

ಮೆಟ್ಟಿಲಿಳಿಯುವಾಗ ಹೆಂಡತಿ, "ಆರು ತಿಂಗಳ್ಯಾಕ, ಅರವತ್ತು ವರ್ಷ ನೋಡ್ಲಿ. ನಾ ಅಂತೂ ಇಲ್ಲಿಂದ ಕದಲೂದಿಲ್ರಿ" ಎಂದಳು. ಗ್ರೀನ್ ಕಾರ್ಡಿನ ಅವಧಿಯೇ ಐದು ವರ್ಷ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹಳೆ ಸ್ವೆಟರು

ಆ ಬೀದಿಯಲ್ಲಿ ಮನೆಯ ಆದಾಯವನ್ನು ಬಾಗಿಲ ಮುಂದಿನ ಕಾರು ನೋಡಿ ಅಳೆಯುತ್ತಿದ್ದರು. ಇಟಲಿಯವರಿಗೂ ಟರ್ಕಿಯವರಿಗೂ ಕಾರಿತ್ತು. ನಮ್ಮ ಬಾಗಿಲ ಮುಂದೆ ಮಾತ್ರ ಖಾಲಿ. ಅಕ್ಕಿಮೂಟೆಯನ್ನು ಹೆಗಲ ಮೇಲೆ ಹೊತ್ತು ಬಸ್ಸಿನಿಂದಿಳಿಯುತ್ತಿದ್ದ ನನ್ನನ್ನು ಕಂಡು ಎದುರು ಮನೆಯ ಯಜಮಾನರಿಗೆ ಕರುಳು ಚುರುಕ್ ಎಂದಿರಬೇಕು, ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಹಳೆ ಸ್ವೆಟರುಗಳ ಚೀಲ ನೇತುಹಾಕಿದ್ದರು.

ಅಜ್ಜಿ ಆ ಯಜಮಾನರಿಗೆ ನನ್ನ ಸಂಬಳ ಹೇಳಿಬಿಟ್ಟರು. ಆತ ಕೆಂಪು ಮುಖ ಮಾಡಿಕೊಂಡು ಬಂದು, "ಮತ್ತೆ ಕಾರು ಯಾಕೆ ತಗೊಂಡಿಲ್ಲ?" ಎಂದು ಕೇಳಿದರು.

"ಓಡಿಸೋಕೆ ಬರಲ್ಲ."

"ಕೆಲಸ ಏನು ನಿಮ್ಮದು?"

"ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೀತೀನಿ."

ಮರುದಿನ ತಮ್ಮ ಕಾರನ್ನು ಮನೆಯಲ್ಲೇ ಬಿಟ್ಟು, ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಅವರೂ ನಿಂತಿದ್ದರು.

ಬಿಳಿ ಪುಡಿ

ಆ ಊರಿನಲ್ಲಿ ಒಂದೇ ಕಟ್ಟಡದಲ್ಲಿರುವವರಿಗೆ ಮೆಟ್ಟಿಲು, ಅಂಗಳ ಗುಡಿಸುವುದಕ್ಕೆ ವಾರಕ್ಕೊಂದು ಮನೆಯ ಸರದಿ. ಅದಕ್ಕೆ ಕೇರ್‌ವೋಖೆ ಎನ್ನುತ್ತಾರೆ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಹಲಗೆ ನೇತಾಡುತ್ತದೆ. ಅದು ನಮ್ಮ ಬಾಗಿಲಿಗೆ ಬಂದದ್ದು ಜನವರಿಯಲ್ಲಿ. ಅಜ್ಜಿಯ ಪರೀಕ್ಷೆಯಲ್ಲಿ ಪಾಸಾಗಲೇಬೇಕೆಂದು ಹೆಂಡತಿ ನಸುಕಿನಲ್ಲೇ ಎದ್ದು, ಕಸ ಹೊಡೆದು, ನಮ್ಮೂರ ಕಡೆಯ ರೂಢಿಯಂತೆ ಎರಡು ಬಕೆಟ್ ನೀರು ಸುರಿದಳು. ಆಫೀಸಿಗೆಂದು ಊಟದ ಡಬ್ಬಿ ಹಿಡಿದು ಹೊರಬಂದ ನಾನು ಹಿಮಗಟ್ಟಿದ ಅಂಗಳದಲ್ಲಿ ಗೇಟಿನ ತನಕ ಕೂತೇ ಹೋದೆ!

"ಅಜ್ಜಿ ಬಿದ್ದರ ನಮ್ಮ ಮನಿ ಹೋತು!" ಎಂದು ಹೆಂಡತಿ ಓಡಿಬಂದು, ಧಾರವಾಡದಿಂದ ತಂದಿದ್ದ ರಂಗೋಲಿ ಪುಡಿಯನ್ನೆಲ್ಲ ಅದರ ಮೇಲೆ ಚೆಲ್ಲಿದಳು. ಅಷ್ಟರಲ್ಲಿ ಅದೇ ಕಟ್ಟಡದಲ್ಲಿದ್ದ ಅಜ್ಜಿಯ ಕಿಟಕಿ ತೆರೆಯಿತು.

"ಇಷ್ಟು ಬೇಗ ಎದ್ದು ಜಾರದ ಹಾಗೆ ಪುಡಿ ಹಾಕಿದ್ದೀರಾ? ನನ್ನ ಗಂಡ ಒಂದು ದಿನವೂ ಹಾಕಲಿಲ್ಲ!"

ನೀರು ಸುರಿದವರು ಯಾರು ಎಂಬ ವಿಷಯವನ್ನು ನಾವು ಇವತ್ತಿಗೂ ಎತ್ತುವುದಿಲ್ಲ.

ತೀರ್ಪು

ಆರು ತಿಂಗಳು ತುಂಬಿದ ದಿನ ಅಜ್ಜಿ ಕಾಫಿಗೆ ಕರೆದರು. ಹೋದರೆ ಅಲ್ಲಿ ಸೂಟುಬೂಟಿನ ಜರ್ಮನ್ ದಂಪತಿ ಕೂತಿದ್ದಾರೆ. ಹ್ಯಾಂಬರ್ಗ್‌ನವರು, ಇಬ್ಬರೂ ದುಡಿಯುವವರು, ಮನೆ ಕೇಳಿಕೊಂಡು ಬಂದಿದ್ದಾರೆ. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಹೆಂಡತಿ ಮಾತ್ರ ಸೆರಗು ಸಿಕ್ಕಿಸಿ ಅಜ್ಜಿಯ ಪಕ್ಕದಲ್ಲೇ ಕೂತಳು. ತನಗೆ ಗೊತ್ತಿದ್ದ ಅಷ್ಟಿಷ್ಟು ಜರ್ಮನ್ನಿನಲ್ಲಿ ಒಂದೇ ಪ್ರಶ್ನೆ ಹಾಕಿದಳು: "ಕೇರ್‌ವೋಖೆ?"

ದಂಪತಿ ನಕ್ಕರು. "ಇನ್ನೂ ಅದೆಲ್ಲ ಇದೆಯಾ? ಆಳು ಇಟ್ಟರಾಯ್ತು ಬಿಡಿ."

ಅಜ್ಜಿ ಕಾಫಿ ಕೊಡದೆಯೇ ಅವರನ್ನು ಕಳಿಸಿಬಿಟ್ಟರು.

"ನಮ್ಮ ಆರು ತಿಂಗಳು ಮುಗಿಯಿತು, ನಾವು ಯಾವಾಗ ಖಾಲಿ ಮಾಡಬೇಕು?" ಎಂದು ನಾನು ತೊದಲಿದೆ.

"ನೀವ್ಯಾಕೆ? ಖಾಲಿಯಾಗಿರೋದು ಮೇಲಿನ ಮನೆ" ಎಂದು ಗದರಿದ ಅಜ್ಜಿ, ನನ್ನ ಹೆಂಡತಿಯ ಕಡೆ ತಿರುಗಿ ನಿಟ್ಟುಸಿರಿಟ್ಟರು. "ನೋಡಮ್ಮಾ, ಹೊರಗಿನವರು ಬಂದೂ ಬಂದೂ ನಮ್ಮ ಬೀದಿ ಹ್ಯಾಗೆ ಕೆಡ್ತಾ ಇದೆ!"

ಹೆಂಡತಿ ಅಚ್ಚ ಧಾರವಾಡ ಕನ್ನಡದಲ್ಲಿ, "ಹೌದ್ರಿ ಅಜ್ಜಿ, ಎಲ್ಲೆಲ್ಲಿಂದ ಬರ್ತಾರೋ ಏನೋ" ಎಂದು ತಲೆಯಾಡಿಸಿದಳು.